ಎರಡು ಸಲ ಹಾಕಿದ ಶ್ರದ್ಧಾಂಜಲಿ

ಶಹಾಪುರದ ಒಂದು ಜವಳಿ ಅಂಗಡಿಯಲ್ಲಿ ನಾನು ಫೋನು ನೋಡಿಕೊಳ್ಳುವ ಕೆಲಸಕ್ಕಿದ್ದೆ. ಹೊಸ ಸೀರೆ ಬಂದರೆ ಗೊಂಬೆಗೆ ಉಡಿಸಿ ಫೋಟೋ ತೆಗೆಯಬೇಕು, ಅಂಗಡಿಯ ಪೇಜಿಗೆ ಹಾಕಬೇಕು, ರೇಟು ಕೇಳಿದವರಿಗೆ ಉತ್ತರ ಕೊಡಬೇಕು, ಹೇಗಾದರೂ ಮಾಡಿ ಫಾಲೋವರ್‌ಗಳನ್ನು ಹೆಚ್ಚಿಸಬೇಕು. ಇದೂ ಒಂದು ನೌಕರಿ ಎಂದು ಊರಿನ ಹೆಂಗಸರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಸೀರೆಗಳನ್ನು ಯಾರೂ ನೋಡುತ್ತಿರಲಿಲ್ಲ. ಕೊನೆಗೆ ದಾರಿ ಹುಡುಕಿದವರು ಮಾಲಕರು.

"ಸೀರಿ ಫೋಟೋ ಹಾಕಿದ್ರ ಮನಿ ಮಂದಿನೂ ನೋಡಂಗಿಲ್ಲ ತಂಗಿ. ಸತ್ತವ್ರದ ಹಾಕು. ಬೀಗರು ಬಿಜ್ಜರು ಎಲ್ಲಾರೂ ಮುಂದ ಕಳಸ್ತಾರ. ನಮ್ಮ ಅಂಗಡಿ ಹೆಸರು ಮನಿಮನಿಗೆ ಹೋಗ್ತದ."

ಹೋಯಿತು. ಸುರಪುರ, ವಡಗೇರಾ, ಯಾದಗಿರಿ ಕಡೆ ಯಾರೇ ತೀರಿಕೊಳ್ಳಲಿ, ನಾನು ಫೋಟೋ ತರಿಸಿಕೊಂಡು ಸುತ್ತ ಕಮಲ, ಮೇಲೊಂದು ದೀಪ, 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಅಕ್ಷರ, ಕೆಳಗೆ ಅಂಗಡಿಯ ಹೆಸರು, ಅದರ ಕೆಳಗೆ 'ಮದುವೆ ಜವಳಿಗೆ ಒಮ್ಮೆ ಭೇಟಿ ಕೊಡಿ' ಎಂದು ಕೂರಿಸಿ ಹಾಕುತ್ತಿದ್ದೆ. ಓಂ ಶಾಂತಿ, ಓಂ ಶಾಂತಿ ಎಂದು ಜನ ಸಾಲುಗಟ್ಟಿ ಬರೆಯುತ್ತಿದ್ದರು. ಪೇಜು ಬೆಳೆಯಿತು. ಇದನ್ನು ನೋಡಿ ಎದುರಿನ ಅಂಗಡಿಯವರೂ ಶುರು ಹಚ್ಚಿಕೊಂಡರು. ಅಲ್ಲಿಂದ ಮುಂದೆ ಯಾರು ಮೊದಲು ಎಂಬುದೇ ದೊಡ್ಡದಾಯಿತು. ಹೆಣ ಇನ್ನೂ ಬಿಸಿ ಇರುವಾಗಲೇ ಮಾಲಕರು ಫೋಟೋಗಾಗಿ ಫೋನು ಹಚ್ಚುತ್ತಿದ್ದರು. ನನಗೆ ಹೇಸಿಕೆಯಾಗುತ್ತಿತ್ತು, ಆದರೆ ಸತ್ತವರು ನಮ್ಮವರಾಗಿರಲಿಲ್ಲ.

ನನ್ನ ಅಣ್ಣ ಶಹಾಪುರದ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಮನೆ ತಿಂಥಣಿ ದಾರಿಯ ನಮ್ಮ ಹಳ್ಳಿಯಲ್ಲಿ. ಆ ವರ್ಷ ದೀಪಾವಳಿಗೆ ವೈನಿಯನ್ನು, ಅಂದರೆ ಅವನ ಹೆಂಡತಿಯನ್ನು, ನಮ್ಮ ಅಂಗಡಿಗೆ ಕರೆತಂದು ಸೀರೆ ಕೊಡಿಸಿದ. ಇಬ್ಬರನ್ನೂ ಗೊಂಬೆಯ ಪಕ್ಕ ನಿಲ್ಲಿಸಿ ನಾನೇ ಫೋಟೋ ತೆಗೆದು 'ನಮ್ಮ ನೆಚ್ಚಿನ ಗ್ರಾಹಕರು' ಎಂದು ಪೇಜಿಗೆ ಹಾಕಿದೆ. ವೈನಿಯ ಹಸಿರು ಬಳೆಯ ಕೈ ಅಣ್ಣನ ತೋಳಿನ ಮೇಲಿತ್ತು. ಅಷ್ಟು ಮಂದಿಯ ಮುಂದೆ ಗಂಡನನ್ನು ಮುಟ್ಟಿ ನಿಂತೆನಲ್ಲ ಎಂದು ಆಕೆ ನಾಚಿ ನಾಚಿ ನಕ್ಕಿದ್ದಳು.

ಆಮೇಲೆ ಸ್ವಲ್ಪ ದಿನಕ್ಕೆ ಯಾದಗಿರಿ ರಸ್ತೆಯಲ್ಲಿ ಅಣ್ಣನ ಬೈಕಿಗೆ ಟ್ರ್ಯಾಕ್ಟರ್ ಬಡಿಯಿತು. ಸುದ್ದಿ ಮೊದಲು ನನಗೆ ಬಂತು. ನಾನೇ ಅವನನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದೆ. ಮಕ್ಕಳು ಸಣ್ಣವೆಂದು ವೈನಿ ಹಳ್ಳಿಯಲ್ಲೇ ಉಳಿದಳು. ತಲೆಗೆ ಪೆಟ್ಟು, ಏನೂ ಹೇಳಲಾಗದು ಎಂದರು ಡಾಕ್ಟರು. ಮರುದಿನ ಮಧ್ಯಾಹ್ನ ನನ್ನ ಫೋನಿನ ಚಾರ್ಜ್ ಮುಗಿಯಿತು. ಔಷಧಿ ಅಂಗಡಿಯವನ ಕೈಯಲ್ಲಿ ಚಾರ್ಜಿಗೆ ಕೊಟ್ಟು, ರಕ್ತದ ಬಾಟಲಿಗಾಗಿ ಓಡಾಡುತ್ತಿದ್ದೆ.

ವಾಪಸು ಬಂದು ಫೋನು ಆನ್ ಮಾಡಿದರೆ ಓಂ ಶಾಂತಿಗಳ ರಾಶಿ. ಅಂಗಡಿಯ ಪೇಜಿನಲ್ಲಿ ನಾನೇ ಮಾಡಿಟ್ಟ ಕಮಲಗಳ ನಡುವೆ ನನ್ನ ಅಣ್ಣ ಇದ್ದ. ದೀಪಾವಳಿಯ ಫೋಟೋದಿಂದ ಅವನನ್ನಷ್ಟೇ ಕತ್ತರಿಸಿ ತೆಗೆದಿದ್ದರು. ತೋಳಿನ ಮೇಲೆ ವೈನಿಯ ಬೆರಳು, ಹಸಿರು ಬಳೆ ಮಾತ್ರ ಉಳಿದಿದ್ದವು. ಒಳಗೆ ಮಂಚದ ಮೇಲೆ ಅಣ್ಣ ಉಸಿರಾಡುತ್ತಿದ್ದ.

ಮಾಲಕರಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ.

"ಮಿಲ್ಲಿನವ್ರು ಇನ್ನ ಉಳಿಯಂಗಿಲ್ಲ ಅಂದ್ರು ತಂಗಿ. ನಮ್ಮ ಮನಿ ಹುಡುಗಿ ಅಣ್ಣನ ಸುದ್ದಿ ಎದುರಿನವ ಮೊದ್ಲ ಹಾಕಿದ್ರ ಏನ ಚಂದ ಇರ್ತದ?" ಎಂದರು. ಮನುಷ್ಯ ಅದನ್ನು ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ನನಗೆ ಇವತ್ತಿಗೂ ಅವರನ್ನು ಕ್ಷಮಿಸಲಾಗಿಲ್ಲ.

ಪೇಜಿನಿಂದ ಅಳಿಸಿ ಹಾಕಿದೆ. ಆದರೆ ಅದು ಆಗಲೇ ಊರೂರಿನ ಗುಂಪುಗಳಲ್ಲಿ ತಿರುಗುತ್ತಿತ್ತು, ನಮ್ಮ ಹಳ್ಳಿಯನ್ನೂ ಮುಟ್ಟಿತ್ತು. ಹಳ್ಳಿಯವರು ನನಗೆ ಫೋನು ಮಾಡಿದ್ದಾರೆ, ಹತ್ತಿಲ್ಲ. ಪೇಜು ನಡೆಸುವವಳು ನಾನು ಎಂಬುದು ಊರಿಗೆಲ್ಲ ಗೊತ್ತಿತ್ತು. "ಒಡಹುಟ್ಟಿದ ತಂಗಿನ ಹಾಕ್ಯಾಳಂದ್ರ ಸುಳ್ಳ ಹೆಂಗಾದೀತು?" ಎಂದಳಂತೆ ನಮ್ಮ ದೊಡ್ಡವ್ವ. ಅಪಘಾತದಲ್ಲಿ ಸತ್ತವರನ್ನು ನಮ್ಮಲ್ಲಿ ಮನೆಯೊಳಗೆ ತರುವುದಿಲ್ಲ, ಗಾಡಿಯಿಂದ ನೇರ ಹೊಲಕ್ಕೆ ಒಯ್ದು ಮಣ್ಣು ಮಾಡುತ್ತಾರೆ. ಹಾಗಾಗಿ ಹೆಂಗಸರು ಮಾಡುವುದನ್ನು ಮೊದಲೇ ಮಾಡಿ ಮುಗಿಸುತ್ತಾರೆ. ನಾನು ಫೋನು ಮಾಡುವಷ್ಟರಲ್ಲಿ ವೈನಿಯನ್ನು ಅಂಗಳದಲ್ಲಿ ಕೂಡಿಸಿ, ತಲೆಗೆ ನೀರು ಸುರಿದು, ಕುಂಕುಮ ಒರೆಸಿ, ಎರಡೂ ಕೈಯ ಬಳೆ ಒಡೆದಿದ್ದರು.

"ಜೀವಂತ ಅದಾನಬೇ, ಉಸಿರಾಡಾಕತ್ಯಾನ" ಎಂದು ನಾನು ಕೂಗಿದೆ. ಆ ಕಡೆ ದೊಡ್ಡವ್ವ ಫೋನನ್ನು ವೈನಿಯ ಕೈಗೆ ಕೊಟ್ಟಳು.

ವೈನಿ ಸಿಕ್ಕ ಬಸ್ಸು ಹಿಡಿದು ಬಂದಳು. ಮಣಿಕಟ್ಟಿನ ಮೇಲೆ ಗಾಜು ತರಚಿದ ಗೆರೆಗಳಿದ್ದವು. ಆಸ್ಪತ್ರೆಯ ಎದುರಿನ ಬಳೆ ಅಂಗಡಿಗೆ ನಡೆದು ಕೈತುಂಬ ಹಸಿರು ಬಳೆ ಇಡಿಸಿಕೊಂಡು, ಆಮೇಲೆ ಒಳಗೆ ಹೋದಳು. ಶಾಂತಿ ಮಾಡಿಸದೆ ಬಳೆ ಇಡಬಾರದು ಎಂದು ದೊಡ್ಡವ್ವ ಹೇಳಿ ಕಳಿಸಿದ್ದಳು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಣ್ಣ ಕಣ್ಣು ಬಿಟ್ಟ. ಮಾತು ತೊದಲುತ್ತಿತ್ತು. ಆಕೆಯ ಕೈ ಹಿಡಿದುಕೊಂಡು "ಈ ಗೆರಿ ಏನು?" ಎಂದು ಕೇಳಿದ. "ಬಸ್ಸಿನ್ಯಾಗ ಗದ್ದಲ ಇತ್ತರಿ, ಬಳಿ ಒಡದ್ವು" ಎಂದಳು ವೈನಿ. ಅವನು ನಂಬಿದ. ಆ ಕೆಲವು ದಿನ ನಾವೂ ಅವನು ಬದುಕುತ್ತಾನೆಂದೇ ನಂಬಿದೆವು. ಆಮೇಲೆ ಜ್ವರ ಏರಿತು, ಇಳಿಯಲೇ ಇಲ್ಲ.

ಅವನು ನಿಜವಾಗಿ ಸತ್ತ ದಿನ ನಾನು ಪೇಜಿಗೆ ಏನೂ ಹಾಕಲಿಲ್ಲ. ಮಾಲಕರು ಹಾಕಿದರು, ಅದೇ ಫೋಟೋ, ಅದೇ ಬೆರಳು. ಈ ಸಲ ಓಂ ಶಾಂತಿ ಎಂದವರು ಬೆರಳೆಣಿಕೆಯಷ್ಟು. 'ಇದು ಹಳೇ ಸುದ್ದಿ ಅಲ್ರೀ?' ಎಂದು ಯಾರೋ ಬರೆದಿದ್ದರು. ಹಳ್ಳಿಯಲ್ಲೂ ಹಾಗೇ ಆಯಿತು. ಬಂದವರು ಬಂದರು, ಆದರೆ ಅಳುವ ಮಂದಿ ಮೊದಲನೇ ಸಲವೇ ಅತ್ತು ಮುಗಿಸಿದ್ದರು. ಅಂಗಡಿಯ ಫೋನನ್ನು ನಾನು ಮತ್ತೆ ಮುಟ್ಟಲಿಲ್ಲ.

ಅಣ್ಣನನ್ನು ಗಾಡಿಯಿಂದ ನೇರ ಹೊಲಕ್ಕೆ ಒಯ್ದರು, ವೈನಿಯೂ ನಾನೂ ಅದೇ ಗಾಡಿಯಲ್ಲಿ ಬಂದಿದ್ದೆವು. ದೊಡ್ಡವ್ವ, ಓಣಿಯ ಹೆಂಗಸರು ವೈನಿಯನ್ನು ಬದುವಿನ ಮೇಲೆ ಕೂಡಿಸಿದರು. ಒಬ್ಬಳು ಕಲ್ಲು ತಂದಳು. ವೈನಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅವತ್ತ ಅವರು ಬದುಕಿದ್ರು, ಆದ್ರೂ ಒಡದ್ರಿ. ಇವತ್ತ ಸತ್ತಾರ. ಇವು ಇರ್ಲಿ."

ಕಲ್ಲು ತಂದವಳು ಅದನ್ನು ಬದುವಿನಾಚೆ ಇಟ್ಟಳು. ವೈನಿ ಎದ್ದು ಹೋಗಿ, ಬಗ್ಗಿ, ಎರಡೂ ಕೈಯಲ್ಲಿ ಮಣ್ಣು ತುಂಬಿ ಗುಂಡಿಗೆ ಹಾಕಿದಳು. ಬಳೆಗಳು ಸಪ್ಪಳ ಮಾಡಿದವು. ಅಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.