ವೀಬ್ರೆನ್ ದನಿ ನಂಬಿ ಇಳಿದವರು

ನಮ್ಮೂರಿನ ಕಾಲುವೆ ಹೆಪ್ಪುಗಟ್ಟಿತೆಂದರೆ ಮೇಯರ್ ಮಾತಿಗೂ ಬೆಲೆಯಿಲ್ಲ, ಪಾದ್ರಿಯ ಮಾತಿಗೂ ಬೆಲೆಯಿಲ್ಲ. ಫ್ರೀಸ್‌ಲ್ಯಾಂಡಿನ ಈ ಹಳ್ಳಿಯಲ್ಲಿ ಮಂಜುಗಡ್ಡೆಯ ಯಜಮಾನ ವೀಬ್ರೆನ್. ಹಸು ಸಾಕುವುದನ್ನು ಬಿಟ್ಟ ಮೇಲೂ ಈ ಕೆಲಸ ಬಿಡಲಿಲ್ಲ. ಬೆಳಗಾದರೆ ಬೈರಿಗೆ ಹಿಡಿದು ಹೋಗಿ, ಸೇತುವೆಯ ಕೆಳಗೆ, ಜೊಂಡಿನ ಪಕ್ಕ, ನಟ್ಟನಡುವೆ ತೂತು ಕೊರೆದು ದಪ್ಪ ಅಳೆಯುತ್ತಾನೆ. ಅವನು ‘ಹೂಂ’ ಅನ್ನುವ ತನಕ ಸ್ಕೇಟ್ ಕಟ್ಟಿಕೊಂಡವರು ದಡದಲ್ಲೇ ಚಡಪಡಿಸಬೇಕು. ಇಷ್ಟು ಗಂಟುಮುಖದ ಮನುಷ್ಯನನ್ನು ಊರು ಇಷ್ಟೊಂದು ನಂಬುವುದು ಕಂಡು ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಈ ಜನವರಿಯ ಒಂದು ಶನಿವಾರ ಅವನಿನ್ನೂ ಕಾಲುವೆಯ ಆ ತುದಿಯಲ್ಲಿ ಕೊರೆಯುತ್ತಿದ್ದ. ಅಷ್ಟರಲ್ಲಿ ಊರಿನವರ ಮೊಬೈಲ್ ಗುಂಪಿಗೆ ಅವನದೇ ದನಿ ಬಂತು. “ಗಟ್ಟಿಯಾಗಿದೆ ಕಣ್ರಪ್ಪಾ, ಬನ್ನಿ ಬನ್ನಿ!” ಯಾರಿಗೋ ಎಲ್ಲಿಂದಲೋ ಬಂದದ್ದನ್ನು ಅವರು ಇತ್ತ ದಾಟಿಸಿದ್ದರು. ಊರಿಗೆ ಊರೇ ಸ್ಕೇಟ್ ಹುಡುಕಿತು. ಎಲ್ಲರಿಗಿಂತ ಮುಂದೆ ವೀಬ್ರೆನ್‌ನ ಹೆಂಡತಿ ಫೋಕ್ಯ, ನನ್ನ ಪಕ್ಕದ ಮನೆಯವಳು.

“ತಡಿಯೇ, ಅವನು ಬರ್ಲಿ,” ಅಂದೆ.

“ಬಂದು ಇನ್ನೇನು ಹೇಳ್ತಾನೆ? ಹೇಳಿ ಆಯ್ತಲ್ಲ! ನಿನ್ನ ಮಂಡಿನೋವಿಗೆ ನೆಪ ಹುಡುಕ್ಬೇಡ,” ಎಂದು ನಗುತ್ತಾ ಇಳಿದೇ ಬಿಟ್ಟಳು.

ಸೇತುವೆಯ ಹತ್ತಿರ ಗಡ್ಡೆ ಲಟ್ಟನೆ ಬಿರಿಯಿತು. ಈಗ ಇದ್ದವಳು ಈಗ ಇಲ್ಲ. ನೀರಿನ ಮೇಲೆ ಅವಳ ಕೆಂಪು ಟೊಪ್ಪಿಗೆ ಮಾತ್ರ. ನಮ್ಮೆಲ್ಲರ ಕಿರುಚಾಟ ಕೇಳಿ ವೀಬ್ರೆನ್ ದಡದ ಮೇಲೆ ಏಣಿ ಹೊತ್ತು ಓಡಿಬಂದ. ಅದನ್ನು ಗಡ್ಡೆಯ ಮೇಲೆ ಹಾಸಿ, ಹೊಟ್ಟೆಯ ಮೇಲೆ ತೆವಳಿ, ಅವಳ ತೋಳು ಹಿಡಿದು ಎಳೆದುಕೊಂಡ. ತುಟಿ ನೀಲಿಗಟ್ಟಿತ್ತು. ಪುಣ್ಯಕ್ಕೆ ಉಸಿರಿತ್ತು.

ಡಾಕ್ಟರು ನೋಡಿಹೋದ ಮೇಲೆ ಫೋಕ್ಯ ತನ್ನ ಅಡುಗೆಮನೆಯಲ್ಲಿ ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದಳು. ವೀಬ್ರೆನ್ ಸಿಡಿದ.

“ಯಾವ ಮುಠ್ಠಾಳ ಹೇಳಿದ್ದು ನಿಂಗೆ, ಇಳಿ ಅಂತ?”

“ನೀನೇ.”

ನಾನು ನನ್ನ ಮೊಬೈಲಿನಲ್ಲಿ ಬೆಳಗಿನ ಆ ಸಂದೇಶ ಹಾಕಿ ಅವನ ಮುಂದೆ ಹಿಡಿದೆ. ತನ್ನ ದನಿ ತಾನೇ ಕೇಳಿ ಅವನ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಇದು ಹೋದ ವರ್ಷದ್ದು! ಹೋದ ವರ್ಷ ನಾನು ಕಳಿಸಿದ್ದು!”

ದನಿ ಮುಂದುವರಿಯುತ್ತಲೇ ಇತ್ತು: “ಗೆರ್ಬ್ರಿಗ್ ಬಟಾಣಿ ಸೂಪ್ ಕುದಿಸ್ತಿದಾಳೆ, ಬರೋವಾಗ ಬಟ್ಟಲು ತನ್ನಿ.”

ಗೆರ್ಬ್ರಿಗ್ ಫೋಕ್ಯಳ ಸ್ವಂತ ತಂಗಿ. ಆಗಸ್ಟಿನಲ್ಲಿ ಅವಳನ್ನು ಮಣ್ಣು ಮಾಡಿ ಬಂದಿದ್ದೆವು, ಇಡೀ ಊರೇ ಹೋಗಿತ್ತು.

“ಇದನ್ನ ಯಾರೂ ಕೇಳಿಸ್ಕೊಳ್ಲೇ ಇಲ್ವಾ?” ವೀಬ್ರೆನ್‌ನ ದನಿ ಒಡೆಯಿತು.

ಎಲ್ಲರೂ ಕೇಳಿಸಿಕೊಂಡಿದ್ದೆವು.

“ಕೇಳಿಸ್ಕೊಂಡೆ ಕಣೋ,” ಅಂದಳು ಫೋಕ್ಯ. ಕಂಬಳಿಯೊಳಗೆ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. “ಚೀಲಕ್ಕೆ ಬಟ್ಟಲು ಹಾಕ್ಕೊಂಡೇ ಹೊರಟೆ.”