ಏಳಲೊಲ್ಲದ ಹೊಲಿಗೆ ಮಷೀನು

ನಮ್ಮ ಮಾವ ನರಗುಂದದಿಂದ ಹೊಲಿಗೆ ಮಷೀನನ್ನು ತಂದದ್ದು ಅದು ಮೇಜು ಎಂದು ತಿಳಿದು. ಅಲ್ಲಿಯ ಒಂದು ದೊಡ್ಡ ಮನೆಯವರು ಊರು ಬಿಡುವಾಗ ಸಾಮಾನು ಮಾರಿದ್ದರು. ಸಾಗವಾನಿಯ ಪೆಟ್ಟಿಗೆ, ಕೆಳಗೆ ಬೀಡು ಕಬ್ಬಿಣದ ಕಾಲು, ಮೇಲೆ ಮುಖ ಕಾಣುವಂಥ ಪಾಲಿಶ್. ಮಾವ ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ರೋಣಕ್ಕೆ ತಂದು, ಪಡಸಾಲೆಯ ಕಿಟಕಿಗೆ ಹಚ್ಚಿ ಇಟ್ಟು, ಅದರ ಮೇಲೆ ತಮ್ಮ ರುಮಾಲು ಇಟ್ಟು ಮೂರು ದಿನ ದೊಡ್ಡಸ್ತಿಕೆ ಮಾಡಿದರು. ನಾಲ್ಕನೆಯ ದಿನ ಅತ್ತೆ ಧೂಳು ಒರೆಸುತ್ತ ಮೇಲಿನ ಹಲಗೆ ಎತ್ತಿದಳು. ಒಳಗಿನಿಂದ ಕರಿಯ ಕಬ್ಬಿಣದ್ದೊಂದು ತಾನಾಗಿ ಎದ್ದು ನಿಂತಿತು. ಅತ್ತೆ ಅಂಗಳಕ್ಕೆ ಓಡಿದಳು. ಅದು ಬಟ್ಟೆ ಹೊಲಿಯುವ ಮಷೀನು ಎಂದು ನಾಲ್ಕು ಮಂದಿ ತಿಳಿಸಿ ಹೇಳಿದ ಮೇಲೂ, ಯಾವುದಕ್ಕೂ ಇರಲಿ ಎಂದು ಒಂದು ಆರತಿ ಬೆಳಗಿದಳು. ಅವತ್ತಿನಿಂದ ವರ್ಷಕ್ಕೊಮ್ಮೆ ಮಹಾನವಮಿಗೆ ಅದಕ್ಕೆ ಪೂಜೆ.

ಇದನ್ನೆಲ್ಲ ನನಗೆ ಹೇಳಿದವಳು ಅತ್ತೆಯೇ. ನಾನು ಸೊಸೆಯಾಗಿ ಬಂದಾಗ ಅದರ ಮುಂದೆ ಕೂಡುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಕೂತೆ. ನಾನು ಸಾಲೆ ಕಲಿತದ್ದು ಮೂರು ಇಯತ್ತೆ, ಅದರಲ್ಲಿ ಮೂರನೆಯದನ್ನು ಎರಡು ಸಲ. ಹೊಲಿಗೆಯನ್ನು ಮಾತ್ರ ಯಾರೂ ಕಲಿಸಲಿಲ್ಲ, ಆದ್ದರಿಂದ ಚೆನ್ನಾಗಿ ಬಂತು.

ಆ ಕಿಟಕಿಯ ಮಾತು ಹೇಳಬೇಕು. ಅಲ್ಲಿ ಕೂತರೆ ಬಸ್ ಸ್ಟ್ಯಾಂಡಿನ ದಾರಿ ಪೂರಾ ಕಾಣುತ್ತದೆ. ಯಾರ ಮನೆಗೆ ಬೀಗರು ಬಂದರು, ಯಾವ ಸೊಸೆ ಜಗಳ ತೆಗೆದು ತವರಿಗೆ ಹೊರಟಳು, ಯಾರು ಹೊಸ ಮೊಬೈಲ್ ತಂದು ರೇಂಜ್ ಸಿಗದೆ ಮಾಳಿಗೆ ಹತ್ತಿ ಕೂಗುತ್ತಿದ್ದಾರೆ, ಎಲ್ಲ ನನಗೆ ಮೊದಲು ಗೊತ್ತು. ಮಷೀನು ತುಳಿಯುತ್ತ ಕೂತ ಹೆಂಗಸಿಗೆ ಯಾರೂ ಏನೂ ಅನ್ನುವುದಿಲ್ಲ, ಪಾಪ ದುಡಿಯುತ್ತಾಳೆ ಎನ್ನುತ್ತಾರೆ. ಅದೇ ಕಿಟಕಿಯಲ್ಲಿ ಅದೇ ಹೆಂಗಸು ಬರಿಗೈಯಲ್ಲಿ ಕೂತರೆ, ಮುದುಕಿಗೆ ಮಂದಿಯ ಮನೆಯ ಉಸಾಬರಿ ಬೇಕು ಎನ್ನುತ್ತಾರೆ. ಮಷೀನು ಇದ್ದರೆ ಆ ಜಾಗ ನನ್ನದು. ಮಷೀನು ಇಲ್ಲದಿದ್ದರೆ ನನ್ನ ಜಾಗ ಅಡುಗೆಮನೆಯ ಹಿಂದಿನ ಖೋಲಿ. ಅಲ್ಲಿ ಕಿಟಕಿ ಇಲ್ಲ, ಈರುಳ್ಳಿ ಚೀಲ ಇವೆ.

ಒಂದು ಬುಧವಾರ ಮುಂಜಾನೆ ಹಲಗೆ ಎತ್ತಿದೆ, ಅದು ಗೇಣೆತ್ತರಕ್ಕೆ ಸಿಕ್ಕಿಕೊಂಡಿತು, ಮಷೀನು ಏಳಲಿಲ್ಲ. ಅದು ಏಳುವ ರೀತಿ ಹೀಗೆ: ಹಲಗೆಗೆ ಒಂದು ಸಣ್ಣ ಸರಪಳಿ ಸಿಕ್ಕಿಸಿರುತ್ತದೆ, ಅದು ಪೆಟ್ಟಿಗೆಯೊಳಗಿನ ಪುಟ್ಟ ಗಾಲಿಯೊಂದರ ಮೇಲೆ ಹಾಯ್ದು ಮಷೀನಿನ ಬುಡಕ್ಕೆ ಹೋಗುತ್ತದೆ. ಹಲಗೆ ತೆರೆದರೆ ಸರಪಳಿ ಎಳೆದುಕೊಂಡು, ಪೆಟ್ಟಿಗೆಯ ಹೊಟ್ಟೆಯಲ್ಲಿ ತಲೆ ತಗ್ಗಿಸಿ ಮಲಗಿದ್ದ ಮಷೀನು ಮೇಲೆ ಬರುತ್ತದೆ. ಹಲಗೆ ಮುಚ್ಚಿದರೆ ಮತ್ತೆ ಒಳಗೆ ಇಳಿಯುತ್ತದೆ. ಕೆಲವು ತಿಂಗಳಿಂದ ಅದು ಬಿಗಿಯಾಗುತ್ತ ಬಂದಿತ್ತು. ಅವತ್ತು ಪೂರಾ ನಿಂತುಬಿಟ್ಟಿತು.

ನನ್ನ ಮಗನಿಗೆ ಗೊಬ್ಬರದ ಅಂಗಡಿ ಇದೆ. ಅವನು ಅದೇ ವಾರ ದೊಡ್ಡ ಟಿವಿ ಗೊತ್ತು ಮಾಡಿ ಬಂದಿದ್ದ. ಮಷೀನು ಏಳಲಿಲ್ಲ ಎಂದು ಕೇಳಿ ಅವನ ಮುಖದ ಮೇಲೆ ಬಂದ ದುಃಖ ಬಹಳ ಹೊತ್ತು ಉಳಿಯಲಿಲ್ಲ.

“ಯವ್ವಾ, ಅದಕ್ಕೂ ವಯಸ್ಸಾಗೇತಿ, ಬಿಡು. ನೀನೂ ಆರಾಮ ಮಾಡು” ಎಂದ.

“ನಿಮ್ಮಜ್ಜಿ ಆರಾಮ ಮಾಡ್ತೀನಿ ಅಂತ ಕುಂತ್ಲು, ಆರು ತಿಂಗಳದಾಗ ಹೋದ್ಲು.”

“ಹಂಗಲ್ಲ. ಮುಚ್ಚಿದ್ರ ಟಿವಿ ಇಡಾಕ ಹೇಳಿ ಮಾಡಿಸಿದಂಗ ಐತಿ. ಅಳತಿ ತಗೊಂಡೀನಿ.”

“ನನ್ನ ಅಳತಿ ತಗೊಂಡೀಯೇನು, ಹಿಂದಿನ ಖೋಲ್ಯಾಗ ಹಿಡಸ್ತೀನೋ ಇಲ್ಲೋ ಅಂತ?”

ಅವನು ನಕ್ಕ. ಅವನು ನಕ್ಕರೆ ವಿಚಾರ ಮುಗಿದಿದೆ ಎಂದೇ ಅರ್ಥ. ನಾನು ಬಿಡಲಿಲ್ಲ. ಕೊನೆಗೆ ಮಾತು ಹೀಗೆ ನಿಂತಿತು: ಟಿವಿ ಸೋಮವಾರ ಬರುತ್ತದೆ. ಅಷ್ಟರಲ್ಲಿ ಮಷೀನು ಎದ್ದರೆ ಜಾಗ ನನ್ನದು, ಏಳದಿದ್ದರೆ ಟಿವಿಯದು.

ಗುರುವಾರ ಪೂರಾ ನಾನು ಸೊಸೆಯನ್ನು ಬೈದೆ. ಮಳೆಗಾಲದಲ್ಲಿ ಅವಳು ಹಸಿ ಬಟ್ಟೆಯನ್ನು ಆ ಪೆಟ್ಟಿಗೆಯ ಮೇಲೆ ಹರವುತ್ತಿದ್ದಳು. ನೀರು ಇಳಿದು ಒಳಗೆ ತುಕ್ಕು ಹಿಡಿದಿದೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದೆ. ಅವಳು ರೊಟ್ಟಿಯನ್ನು ಜೋರಾಗಿ ಬಡಿದಳು.

ನನ್ನ ದನಿ ಕೇಳಿ ಪಕ್ಕದ ಮನೆಯ ಮಾಸ್ತರರು ಬಂದರು. ನಮ್ಮ ಯಜಮಾನರು ಇದ್ದಾಗ ಅವರ ಗೆಳೆಯರು. ಸಾಲೆಯಲ್ಲಿ ವಿಜ್ಞಾನ ಹೇಳಿ ಪಿಂಚಣಿಗೆ ಬಂದವರು. ಮನೆಯಲ್ಲಿ ಕೇಳುವವರಿಲ್ಲ, ಆದ್ದರಿಂದ ಓಣಿಯಲ್ಲಿ ಹೇಳುತ್ತಾರೆ.

“ವೈನಿ, ಇದು ಸನ್ನಿಗೋಲು ಮತ್ತ ರಾಟಿ. ಸಾದಾ ಯಂತ್ರ” ಎಂದರು.

“ಸಾದಾ ಇದ್ರ ಎಬ್ಬಸ್ರಿ.”

“ಎಬ್ಬಸೂಕಿಂತ ಮೊದಲ ತಿಳಕೋಬೇಕಾಗತೈತಿ.”

ಚಹಾ ಕುಡಿದರು. ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ಬಾಣ ಹಾಕಿದರು. ಇನ್ನೊಂದು ಚಹಾ ಕುಡಿದು ಇನ್ನೆರಡು ಬಾಣ ಹಾಕಿದರು. ಬಾಣ ಎಲ್ಲಿಂದ ಎಲ್ಲಿಗೆ ಹೋದರೂ ಮಷೀನು ಇದ್ದಲ್ಲೇ ಇತ್ತು. ಆಮೇಲೆ ಎದ್ದು ನಿಂತು, ಪೆಟ್ಟಿಗೆಗೆ ಮೊಣಕಾಲು ಕೊಟ್ಟು, ಹಲಗೆಯನ್ನು ಎರಡೂ ಕೈಯಿಂದ ಜಗ್ಗಿದರು. ಟಣ್ ಎಂದಿತು. ಸರಪಳಿ ಹರಿದು, ಒಂದು ಬೆರಳು ಎದ್ದಿದ್ದ ಮಷೀನು ಧಡ್ ಎಂದು ಹೊಟ್ಟೆಯೊಳಗೆ ಕುಸಿಯಿತು.

“ರೋಗ ಎಲ್ಲೈತಿ ಅಂತ ಈಗ ಗೊತ್ತಾತು ನೋಡ್ರಿ” ಎಂದರು ಮಾಸ್ತರರು. ಚಿತ್ರವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು.

ಗಜೇಂದ್ರಗಡದಲ್ಲಿ ಮಗ್ಗ ರಿಪೇರಿ ಮಾಡುವ ಒಬ್ಬ ಮುಸಲ್ಮಾನ ಮಿಸ್ತ್ರಿ ಇದ್ದಾನೆ, ಕಬ್ಬಿಣ ಮತ್ತು ಕಟ್ಟಿಗೆ ಎರಡೂ ಅವನ ಮಾತು ಕೇಳುತ್ತವೆ ಎಂದು ಸೀರೆ ಮಾರುವ ಹೆಂಗಸೊಬ್ಬಳಿಂದ ಕೇಳಿದ್ದೆ. ಶುಕ್ರವಾರ ಬಸ್ ಹತ್ತಿ ಹೋದೆ. ಮಿಸ್ತ್ರಿ ನಮಾಜಿಗೆ ಹೋಗಿದ್ದ. ಅವನ ಕಟ್ಟೆಯ ಮೇಲೆ ಕೂತೆ. ಬಂದ. ನನ್ನ ವಯಸ್ಸಿನವನೇ, ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ.

“ಜಗ್ಗಿದವರ್ಯಾರ್ರಿ ಅವ್ವಾರ?”

“ವಿಜ್ಞಾನದ ಮಾಸ್ತರು.”

“ಹಂಗಾರ ಎರಡು ರಿಪೇರಿ ಅದಾವು. ನಾಳೆ ಬರ್ತೀನಿ.”

ಶನಿವಾರ ಮುಂಜಾನೆಯ ಬಸ್ಸಿಗೇ ಬಂದ. ಮೊದಲು ತುಳಿಯುವ ದೊಡ್ಡ ಗಾಲಿಯ ತೊಗಲಿನ ಬೆಲ್ಟ್ ಬಿಚ್ಚಿದ, ಮಷೀನನ್ನು ಪೆಟ್ಟಿಗೆಯಿಂದ ಬಿಡಿಸಿ ಕೆಳಗೆ ಇಟ್ಟ. ಕೌದಿ ಹಾಸಿಸಿ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿದ. ಒಳಗೆ ಕೈ ಹಾಕಿ ಸರಪಳಿಯ ಉಳಿದ ತುಂಡನ್ನು ಹೊರಗೆ ತೆಗೆದು, ಒಂದು ತುದಿ ಹಿಡಿದು ಮೇಲಕ್ಕೆ ಎತ್ತಿದ. ಸರಪಳಿ ಎಂದರೆ ಜೋತು ಬೀಳಬೇಕು. ಇದು ಮಾಸ್ತರರ ಬೆತ್ತದ ಹಾಗೆ ನೆಟ್ಟಗೆ ನಿಂತಿತು. ಮಿಸ್ತ್ರಿ ಉಗುರಿನಿಂದ ಕೆರೆದು ಮೂಸಿದ.

“ಇದಕ್ಕ ಏನ ಹಾಕ್ತಿದ್ರಿ?”

“ಮಿಷನ್ ಎಣ್ಣಿ.”

“ಮಿಷನ್ ಎಣ್ಣಿ ಹಿಂಗ ಆಗಂಗಿಲ್ರಿ. ಇದು ಕುಸುಬಿ ಎಣ್ಣಿ. ಒಗ್ಗರಣಿಗೆ ಚಲೋ, ಒಣಗಿತಂದ್ರ ವಾರ್ನಿಶ್ ಆಗತೈತಿ.”

ಆಮೇಲೆ ಅವನು ಒಂದೊಂದೇ ಹೊರಗೆ ತೆಗೆಯುತ್ತ ಹೋದ. ಎಣ್ಣೆಯಲ್ಲಿ ಕಲ್ಲಾಗಿದ್ದ ವಿಭೂತಿ. ಅರಿಶಿಣ, ಕುಂಕುಮ. ಗಾಲಿಯ ಸಂದಿಗೆ ಹಲ್ಲಿನ ಹಾಗೆ ಕೂತಿದ್ದ ಅಕ್ಷತೆಯ ಕಾಳು. ಮೂಲೆಯಲ್ಲಿ ಒಂದು ಕರಿಯ ಹರಳು. ಅದೇನೆಂದು ನೋಡಿದರೆ ಯಾವ ಕಾಲದ್ದೋ ಲಿಂಬೆಹಣ್ಣು. ನಮ್ಮ ಮನೆಯ ಇಷ್ಟು ವರ್ಷದ ಮಹಾನವಮಿ ಪೂರಾ ಕೌದಿಯ ಮೇಲೆ ಸಾಲಾಗಿ ಬಿತ್ತು. ತುಕ್ಕು ಮಾತ್ರ ಹುಡುಕಿದರೂ ಸಿಗಲಿಲ್ಲ.

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹಿಟ್ಟು ಇತ್ತು.

“ಅತ್ತಿ, ಪ್ರತಿ ವರ್ಷಾ ಪೂಜಿ ಮಾಡುಮುಂದ ನಾ ಕೇಳ್ತಿದ್ದೆ, ಎಣ್ಣಿ ಸಾಕೇನ್ರಿ ಅಂತ. ನೀವು ಏನ ಅಂತಿದ್ರಿ?”

ದೇವರಿಗೆ ಜಿಪುಣತನ ಮಾಡಬೇಡ, ಇನ್ನಷ್ಟು ಹಾಕು ಎನ್ನುತ್ತಿದ್ದೆ. ಅದು ಅವಳಿಗೂ ಗೊತ್ತಿದ್ದಾಗ ನಾನು ಮತ್ತೆ ಹೇಳುವ ಜರೂರಿ ಇರಲಿಲ್ಲ. “ತಪ್ಪು ನಂದು” ಎಂದೆ. ಒಂದೇ ಸಲ ಎಂದೆ. ಗುರುವಾರ ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದರಲ್ಲಿ ಅರ್ಧ ಬೇರೆ ಕಾರಣಕ್ಕೆ ಬೈದದ್ದಿತ್ತು.

ಮಿಸ್ತ್ರಿ ಸರಪಳಿಯನ್ನೂ ಗಾಲಿಯನ್ನೂ ಸೀಮೆಎಣ್ಣೆಯಲ್ಲಿ ನೆನೆ ಹಾಕಿದ. ಆಮೇಲೆ ಹಳೆಯ ಗಡಿಗೆಯಲ್ಲಿ ಸೋಡಾ ಹಾಕಿದ ನೀರಿನಲ್ಲಿ ಕುದಿಸಿದ. ಮಸಿ ಬಣ್ಣದ ನೊರೆ ಬಂತು. ತೆಂಗಿನಕಾಯಿಯ ಜುಂಗಿನಿಂದ ತಿಕ್ಕಿದ ಮೇಲೆ ಸರಪಳಿ ಸರಪಳಿಯಾಗಿ ಜೋತು ಬಿತ್ತು. ಹರಿದಿದ್ದ ಕೊಂಡಿಯ ಜಾಗಕ್ಕೆ ಮಗ್ಗದ ಗಟ್ಟಿ ತಂತಿ ಬಗ್ಗಿಸಿ ಹೊಸ ಕೊಂಡಿ ಮಾಡಿದ. ಮಾಸ್ತರರು ಜಗ್ಗಿದ್ದಕ್ಕೆ ಸ್ಕ್ರೂ ತೂತುಗಳು ದೊಡ್ಡವಾಗಿದ್ದವು, ಅವಕ್ಕೆ ಜಾಲಿಯ ಚಕ್ಕೆ ಕೆತ್ತಿ ಸರಸಿನ ಅಂಟು ಹಚ್ಚಿ ಬಡಿದ. ಸರಸು ಒಣಗುವವರೆಗೆ ರೊಟ್ಟಿ, ಪುಂಡಿಪಲ್ಯ ಊಟ ಮಾಡಿ ಗೋಡೆಗೆ ಒರಗಿ ನಿದ್ದೆ ಮಾಡಿದ.

ಎದ್ದು ಎಲ್ಲ ಕೂಡಿಸಿ ಹಲಗೆ ತೆರೆದ. ಮಷೀನು ಅರ್ಧಕ್ಕೆ ಎದ್ದು, ಊಟದ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಬೇಕೋ ಬೇಡವೋ ಎಂದು ಅನುಮಾನ ಮಾಡುವವರ ಹಾಗೆ ನಿಂತಿತು. ಸರಪಳಿ ಉದ್ದ ಆಯಿತು ಎಂದು ಒಂದು ಕೊಂಡಿ ಗಿಡ್ಡ ಮಾಡಿ ಸಿಕ್ಕಿಸಿದ. ಈ ಸಲ ತೆರೆದಾಗ ಸಪ್ಪಳವಿಲ್ಲದೆ ಪೂರಾ ಎದ್ದು ತನ್ನ ಜಾಗದಲ್ಲಿ ಕೂತಿತು. ಮುಚ್ಚಿದರೆ ಒಂದು ಬೆರಳಿಗೆ ಇಳಿಯಿತು.

“ಇನ್ನ ಮ್ಯಾಲ ಮಿಷನ್ ಎಣ್ಣಿ ಎರಡ ಹನಿ. ಪೂಜಿಗೆ ಹೂವ ಏರಸ್ರಿ. ಎಣ್ಣಿ ಹಾಕಲೇಬೇಕಂದ್ರ ದೀಪಕ್ಕ ಹಾಕ್ರಿ” ಎಂದು ಹೇಳಿ ಕೂಲಿ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೋದ.

ಮಾಸ್ತರರು ಬಂದು ನೋಡಿದರು. “ನಾ ಅವತ್ತ ಹೇಳಿದ್ನಿಲ್ಲ, ರಾಟಿ ಅಂತ” ಎಂದರು. ಅವರಿಗೂ ಒಂದು ಚಹಾ ಆಯಿತು.

ಸೋಮವಾರ ನಾನು ಮುಂಜಾನೆಯೇ ಮಷೀನು ಎಬ್ಬಿಸಿ ಕೂತಿದ್ದೆ. ಎದುರು ಮನೆಯ ಬಸುರಿ ಹುಡುಗಿಗೆ ಖಣದ ಕುಬಸ ಹೊಲಿಯುತ್ತಿದ್ದೆ, ಏಳನೆಯ ತಿಂಗಳ ಕಾರ್ಯಕ್ಕೆ. ಟಿವಿ ಬಂತು. ಇಬ್ಬರು ಆಳು ರಟ್ಟಿನ ಖೋಕಾ ಹೊತ್ತು ತಂದು ಪಡಸಾಲೆಯಲ್ಲಿ ನಿಂತರು. ಮಗ ಎದ್ದು ನಿಂತ ಮಷೀನನ್ನು ನೋಡಿದ. ನಾನು ಮಾತು ಮುಗಿಯಿತು ಎಂದುಕೊಂಡೆ. ಅವನು ಬಗ್ಗಿ, ಪೆಟ್ಟಿಗೆಯೊಳಗೆ ಕಣ್ಣು ಹಾಕಿ, ಸರಪಳಿ ಮುಟ್ಟಿ ನೋಡಿ ಖುಷಿಯಾದ.

“ಭಾಳ ಚಲೋ ಆತು ಯವ್ವಾ. ಈಗ ಏಳತೈತಿ, ಇಳೀತೈತಿ. ಹಗಲ ನೀ ಹೊಲಿ, ಸಂಜಿಮುಂದ ಇಳಿಸಿ ಮ್ಯಾಲ ಟಿವಿ ಇಟ್ರಾತು.”

“ಎದ್ರ ಜಾಗಾ ನಂದು ಅಂತ ಮಾತಿತ್ತು.”

“ಜಾಗಾ ನಿಂದ. ನಾ ಮ್ಯಾಲಿನ ಹಲಗಿ ಅಷ್ಟ ಕೇಳಾಕತ್ತೀನಿ.”

ಆ ಟಿವಿ ಎಳೆಗರುವಿನಷ್ಟು ಭಾರ ಇತ್ತು. ಸಂಜೆ ಅದನ್ನು ಏರಿಸುವವರು ಸಿಗುತ್ತಾರೆ, ಮುಂಜಾನೆ ಇಳಿಸುವವರು ಸಿಗುವುದಿಲ್ಲ. ಇವತ್ತು ಏರಿದರೆ ನಾನು ನಾಳೆಯಿಂದ ಈರುಳ್ಳಿ ಚೀಲದ ಪಕ್ಕ. ಅಷ್ಟು ದೂರ ಹೋಗಿ ಮಿಸ್ತ್ರಿಯನ್ನು ಕರೆತಂದು, ನನ್ನ ಕೈಯಾರೆ ಮಗನಿಗೆ ಮೇಜು ರಿಪೇರಿ ಮಾಡಿಸಿಕೊಟ್ಟ ಹಾಗಾಗಿತ್ತು. ಮಗನ ಕೈ ಹಲಗೆಗೆ ಬಂತು.

“ಮುಚ್ಚಬ್ಯಾಡ. ಬಸುರಿ ಕುಬಸ ಸೂಜಿ ಕೆಳಗ ಇದ್ದಾಗ ಮಿಷನ್ ಇಳಸಬಾರದು” ಎಂದೆ.

“ಯಾಕ?”

“ಇಳಸಬಾರದು.”

ನಮ್ಮಲ್ಲಿ ಪದ್ಧತಿಗೆ ಕಾರಣ ಕೇಳಿದವರಿಗೆ ಅದೇ ಮಾತನ್ನು ಎರಡನೆಯ ಸಲ ಹೇಳಿದರೆ ಸಾಕು. ನನ್ನ ಮಗ ತಾಯಿಯ ಮಾತು ಕೇಳುವವನಲ್ಲ, ಪದ್ಧತಿ ಎಂದರೆ ಕೇಳುತ್ತಾನೆ. ಅಂಗಡಿಗೆ ಮೆಣಸಿನಕಾಯಿ ಕಟ್ಟದೆ ಬೀಗ ತೆಗೆಯುವವನಲ್ಲ. ಅವನ ಕೈ ಹಲಗೆಯಿಂದ ಹಿಂದೆ ಸರಿಯಿತು. ಖೋಕಾ ಹೊತ್ತವರಲ್ಲಿ ಒಬ್ಬ ಬೆವರು ಒರೆಸಿಕೊಳ್ಳುತ್ತ, “ಹೌದ್ರಿ ಧಣಿ, ನಮ್ಮ ಹೊಳೆಆಲೂರ ಕಡೀನೂ ಇಳಸಂಗಿಲ್ರಿ. ಕೂಸಿಗೆ ಚಲೋ ಅಲ್ಲ” ಎಂದ.

ನಾನು ಅವನ ಮುಖ ನೋಡಿದೆ. ಆ ಪದ್ಧತಿ ಹುಟ್ಟಿ ಇನ್ನೂ ಅರ್ಧ ನಿಮಿಷ ಆಗಿರಲಿಲ್ಲ.

ಟಿವಿ ನಡುಮನೆಗೆ ಹೋಯಿತು. ಕಬ್ಬಿಣದ ಟ್ರಂಕಿನ ಮೇಲೆ ಅದನ್ನು ಇಟ್ಟು, ತಂತಿ ಎಳೆದು, ಕುಂಕುಮ ಹಚ್ಚಿದರು. ಕುಬಸ ಮುಗಿಯುವವರೆಗೆ ಅಷ್ಟೇ ಎಂದು ಮಗ ಹೇಳಿಕೊಂಡ.

ಸಂಜೆ ಮಗ ಅಂಗಡಿಗೆ ಹೋದ ಮೇಲೆ ಸೊಸೆ ಬಂದು ಮಷೀನಿನ ಪಕ್ಕ ನಿಂತಳು.

“ಅತ್ತಿ, ಈ ಪದ್ಧತಿ ಯಾವಾಗಿಂದ್ರಿ?”

“ಮುಂಜಾನಿಯಿಂದ.”

“ಈ ಕುಬಸ ಮುಗದ ಮ್ಯಾಲ?”

“ರೋಣದಾಗ ಬಸುರಾಗಾಕ ಮಂದಿ ಕಡಿಮಿ ಅದಾರೇನು?”

ಅವಳು ಒಳಗೆ ಹೋಗಿ ಒಂದು ಖಣ ತಂದು ನನ್ನ ತೊಡೆಯ ಮೇಲೆ ಹಾಕಿದಳು. “ನಮ್ಮ ತಂಗೀದು, ಈಗ ನಾಕ ತಿಂಗಳು ನಡದಾವು. ಲಗೂ ಮುಗಸಬ್ಯಾಡ್ರಿ” ಎಂದಳು. ನಾನು ಕತ್ತು ಎತ್ತಿ ಅವಳನ್ನು ನೋಡಿದೆ. ಅವಳು ಆಗಲೇ ನಡುಮನೆಯ ಕಡೆಗೆ ತಿರುಗಿದ್ದಳು. ಟಿವಿ ಇದ್ದ ಟ್ರಂಕನ್ನು ಯಾವಾಗಲೋ ಎಡಕ್ಕೆ ಒಂದು ಗೇಣು ಸರಿಸಿದ್ದಳು, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವರಿಗೆ ಟಿವಿ ನೇರ ಕಾಣುವ ಹಾಗೆ.