ಪ್ರಬಂಧದ ಮೇಲೆ ಅರಶಿನ

“ಹ್ವಾಯ್ ಟೀಚರೇ, ಅದೆಂತ, ಫೋನಿಗೆ ಅರಶಿನ ಚೆಲ್ಲಿತಾ?” ಮೀನಿನ ಬುಟ್ಟಿಯನ್ನು ನಮ್ಮ ಜಗಲಿಗೆ ಇಳಿಸುತ್ತಲೇ ಗಿರಿಜಕ್ಕ ಕೇಳಿದರು.

ಶಾಲೆಯ ಸ್ಮರಣ ಸಂಚಿಕೆಗೆಂದು ಬೈಂದೂರಿನ ಕಡಲಿನ ಬಗ್ಗೆ ಪ್ರಬಂಧ ಬರೆದಿದ್ದೆ. ಬಣ್ಣಿಸುವ ಪದಗಳನ್ನೆಲ್ಲ ಹಳದಿ ಮಾಡಿ ತೋರಿಸುವ ಆ್ಯಪ್‌ಗೆ ಅದನ್ನು ಹಾಕಿದರೆ ರಮಣೀಯ, ಮನಮೋಹಕ, ಅದ್ಭುತ ಎಂದು ಪುಟವಿಡೀ ಹಳದಿ. ಹಳದಿ ಕಂಡಲ್ಲಿ ಕಡಿಮೆ ಮಾಡಬೇಕಂತೆ. ನನಗೆ ಮನಸ್ಸು ಬರಲಿಲ್ಲ. ನೀವೇ ಹೇಳಿ ಎಂದು ಗಿರಿಜಕ್ಕನಿಗೆ ಪೂರ್ತಿ ಓದಿ ಹೇಳಿದೆ.

ಅವರು ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ, ಒಳಗಿನ ಕೆಂಪು ತೋರಿಸಿದರು. “ಮೀನ್ ಲಾಯ್ಕಿತ್ತ್ ಅಂದೇಳಿ ನಾ ಹೇಳುದಿಲ್ಲೆ, ಹಿಂಗೆ ತೋರ್ಸ್ತೆ. ತಾಜಾ ತಾಜಾ ಅಂದ್ ಕೂಗುದ್ ನಿನ್ನೆ ಮೀನ್ ಉಳ್ದ್ರೆ ಮಾತ್ರ.”

ಅವರು ಹೋದ ಮೇಲೆ ಹಳದಿ ಪದಗಳನ್ನು ಒಂದೊಂದಾಗಿ ಅಳಿಸಿದೆ. ಎರಡು ಪುಟದಲ್ಲಿ ಅವಿಲ್ಲದೆ ನಿಂತದ್ದು ಬಲೆ ಎಳೆಯುವವರ ಕುರಿತ ನಾಲ್ಕೇ ಸಾಲು. ಅಷ್ಟನ್ನೇ ಕಳಿಸಿದೆ.

ಮರುವಾರ ಗಿರಿಜಕ್ಕ “ತಾಜಾ ಬಂಗ್ಡಿ, ತಾಜಾ ಬಂಗ್ಡಿ” ಎಂದು ಕೂಗುತ್ತ ಬಂದರು. ಆ ದಿನ ನಮ್ಮ ಮನೆಯಲ್ಲಿ ಹುರುಳಿ ಸಾರು.